ಎಣ್ಣೆ ಹಚ್ಚಿದ ತಲೆಗೆ ಆವೇಶ ಬರುವುದಿಲ್ಲ

ಪರ್ಕಳದ ಪೇಟೆಯಲ್ಲಿ ಉಮಾನಾಥನಿಗೆ ಗೊತ್ತಿಲ್ಲದ ಸಂಗತಿ ಯಾವುದೂ ಇರಲಿಲ್ಲ. ಇದು ಅವನೇ ಹೇಳಿದ ಮಾತು, ಹಾಗಾಗಿ ಅನುಮಾನಕ್ಕೆ ಎಡೆಯಿಲ್ಲ. ಬ್ಯಾಂಕಿನ ಫಾರ್ಮು ತುಂಬಿಸಬೇಕಾದರೂ, ಸರಕಾರದಿಂದ ಬಂದ ಕಾಗದ ಓದಿಸಬೇಕಾದರೂ ಜನ ಅವನ ಬ್ಯಾಟರಿ ಅಂಗಡಿಗೇ ಬರುತ್ತಿದ್ದರು. ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಗದವನ್ನು ತೋಳಿನಷ್ಟು ದೂರ ಹಿಡಿದು, "ನನಗೆ ಗೊತ್ತುಂಟು" ಎಂದು ಶುರು ಮಾಡುತ್ತಿದ್ದ. ಗೊತ್ತಿದ್ದರೆ ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ ಇನ್ನೂ ವಿವರವಾಗಿ ಹೇಳುತ್ತಿದ್ದ.

ಅವನ ಹೆಂಡತಿ ಕುಶಲಾ ಹದಿನೆಂಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ "ಗೊತ್ತಿಲ್ಲ" ಎಂಬ ಶಬ್ದ ಕೇಳಿದವಳಲ್ಲ. ಒಮ್ಮೆ ಬೆಳ್ಮಣ್ಣಿನ ಮದುವೆಗೆಂದು ಹೊರಟು, ದಾರಿ ಕೇಳಲು ಅವನಿಗೆ ಮನಸ್ಸಾಗದೆ, ಶಿರ್ವದಲ್ಲಿ ಯಾರದ್ದೋ ಮದುವೆಯ ಊಟ ಉಂಡು, ಉಡುಗೊರೆಯನ್ನೂ ಕೊಟ್ಟು, ಮದುಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಬಂದಿದ್ದರು. "ನೆಂಟರು ಈ ಸಲ ತುಂಬ ಬದಲಾಗಿದ್ದಾರೆ" ಎಂದಷ್ಟೇ ಉಮಾನಾಥ ಹೇಳಿದ್ದ.

ಜನವರಿಯ ಒಂದು ಮಂಗಳವಾರ ನಗರಸಭೆಯಿಂದ ಒಬ್ಬರು ಬಂದು ಅಂಗಡಿಯ ಎದುರು ನಿಂತು ಕತ್ತೆತ್ತಿ ಬೋರ್ಡು ನೋಡಿದರು. ಬೋರ್ಡಿನಲ್ಲಿ ಬ್ಯಾಟರಿ ಚಾರ್ಜಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು.

"ಉಮಾನಾಥರೇ, ಬೋರ್ಡಿನಲ್ಲಿ ಕನ್ನಡ ಬೇಕು. ಇದನ್ನೇ ಕನ್ನಡ ಅಕ್ಷರದಲ್ಲಿ ಬರೆಸಿದರೆ ಸಾಕು ಮಾರಾಯ್ರೆ, ದೊಡ್ಡ ಕೆಲಸ ಎಂತದೂ ಇಲ್ಲ."

"ಅಕ್ಷರ ಕನ್ನಡ, ಶಬ್ದ ಇಂಗ್ಲಿಷ್. ಅದು ಎಂತ ಕನ್ನಡ? ಚಾರ್ಜಿಗೆ ಅಚ್ಚ ನಮ್ಮ ಶಬ್ದವೇ ಉಂಟು."

"ಹೌದಾ? ಎಂತ ಶಬ್ದ?"

"ನನಗೆ ಗೊತ್ತುಂಟು. ಮುಂದಿನ ಸೋಮವಾರ ಬೋರ್ಡಿನಲ್ಲೇ ನೋಡಿ."

ಅವರು ಸಂತೋಷದಿಂದ ಹೋದರು. ಉಮಾನಾಥ ಸಾಲಾಗಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿಗಳ ನಡುವೆ ಸ್ಟೂಲು ಹಾಕಿ ಕೂತ. ಬ್ಯಾಟರಿ ತುಂಬಿಸಲಾಗುವುದು? ಅಕ್ಕಿಮೂಟೆಯ ಹಾಗೆ ಕೇಳಿಸಿತು. ಬ್ಯಾಟರಿಗೆ ಜೀವ ಕೊಡಲಾಗುವುದು? ಆಸ್ಪತ್ರೆಯವರು ಜಗಳಕ್ಕೆ ಬಂದಾರು. ಇಪ್ಪತ್ತು ವರ್ಷದಿಂದ ಕೈಯಲ್ಲೇ ಮಾಡುತ್ತಿದ್ದ ಕೆಲಸಕ್ಕೆ ಬಾಯಲ್ಲಿ ಹೆಸರಿಲ್ಲ. ಅವನು ಹಾಗೆ ತಲೆ ಕೆರೆಯುತ್ತಿದ್ದಾಗಲೇ ಮಗಳು ಯಶ್ಮಿತಾ ಶಾಲೆಯಿಂದ ಬಂದು ಒಂದು ಕಾಗದ ಚಾಚಿದಳು.

"ಅಪ್ಪಾ, ಇದಕ್ಕೊಂದು ಸಹಿ ಹಾಕಿ. ಫೌಸ್ಟಿನ್ ಸರ್‌ಗೆ ಕೊಡಬೇಕು."

ಯಶ್ಮಿತಾ ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ. ಕಾರ್ಕಳದ ಫೌಸ್ಟಿನ್ ಮಾಸ್ಟ್ರು ಕಳೆದ ಜೂನಿನಲ್ಲಷ್ಟೇ ಆ ಶಾಲೆಗೆ ಬಂದವರು. ಕನ್ನಡ ಶಾಲೆಯಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದವನ್ನೂ ಆಡುವುದಿಲ್ಲ ಎಂದು ಪಣ ತೊಟ್ಟವರು. ಫೋನು ಎತ್ತಿದರೆ ಹಲೋ ಎನ್ನದೆ "ನಮಸ್ಕಾರ, ದೂರವಾಣಿಯಲ್ಲಿ ಫೌಸ್ಟಿನ್" ಎನ್ನುವವರು. ಉಮಾನಾಥ ಕನ್ನಡಕ ಇಳಿಸಿ ಓದಿದ.

"ಮಾನ್ಯ ಪೋಷಕರೇ, ಬರುವ ಶನಿವಾರ ಮಣಿಪಾಲದ ಮೇಳದಲ್ಲಿ ನಿಮ್ಮ ಮಗಳು ಯಶ್ಮಿತಾ ಆವೇಶದ ಪ್ರಾತ್ಯಕ್ಷಿಕೆಗೆ ಆಯ್ಕೆಯಾಗಿರುತ್ತಾಳೆ. ಆ ದಿನ ತಲೆಗೆ ಎಣ್ಣೆ ಹಚ್ಚಬಾರದು. ಕೂದಲು ಬಿಚ್ಚಿರಬೇಕು. ಬಳೆ, ಸರ, ಕಿವಿಯೋಲೆ ಇರಬಾರದು. ಬರಿಗಾಲಿನಲ್ಲಿ ಪೀಠದ ಮೇಲೆ ನಿಲ್ಲಿಸಲಾಗುವುದು. ಆವೇಶ ಪೂರ್ಣವಾದಾಗ ಕೂದಲು ಎದ್ದು ನಿಲ್ಲುತ್ತದೆ, ಗಾಬರಿ ಬೇಡ. ಆ ಸಮಯದಲ್ಲಿ ಯಾರೂ ಆಕೆಯನ್ನು ಮುಟ್ಟತಕ್ಕದ್ದಲ್ಲ. ಒಪ್ಪಿಗೆ ಇದ್ದಲ್ಲಿ ಸಹಿ ಮಾಡಿ ಕಳುಹಿಸುವುದು."

ಆವೇಶ ಎಂಬ ಶಬ್ದ ಉಮಾನಾಥನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಯಿತು. ಹುಟ್ಟಿದಂದಿನಿಂದ ಭೂತಕೋಲ, ದೈವದರ್ಶನ ನೋಡಿದವನಿಗೆ ಆವೇಶ ಎಂದರೆ ಒಂದೇ: ಅಡಿಕೆಯ ಹಿಂಗಾರ ಕೈಯಲ್ಲಿ ಹಿಡಿದು, ಕೂದಲು ಕೆದರಿ, ಮೈ ನಡುಗಿಸುವ ಆವೇಶ. ಅದು ದೊಡ್ಡವರ ಮೈಮೇಲೆ ಬಂದರೆ ಕೈಮುಗಿಯಬಹುದು. ಇನ್ನೂ ಎರಡು ಜಡೆ ಹಾಕುವ ಮಗುವಿನ ಮೈಮೇಲೆ, ಅದೂ ಶಾಲೆಯ ವತಿಯಿಂದ!

"ಮಗಾ," ಅವನು ಧ್ವನಿ ತಗ್ಗಿಸಿದ, "ಇದು ನಿನಗೆ ಮೊದಲೂ ಬಂದಿತ್ತಾ?"

"ಓ! ನಾಲ್ಕು ಸಲ. ಇಡೀ ಕ್ಲಾಸಿನಲ್ಲಿ ನನಗೇ ಜಾಸ್ತಿ ಬರುವುದು."

"ಬಂದಾಗ ಎಂತ ಆಗ್ತದೆ?"

"ಮೈಯೆಲ್ಲ ಜುಮ್ ಅಂತದೆ. ಸ್ಯಾಂಡ್ರಾ ನನ್ನ ಕೈ ಹಿಡಿದಳು, ಅವಳಿಗೂ ಬಂತು! ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು."

ನಕ್ಕರು ಎಂದಾಗ ಉಮಾನಾಥ ಸ್ಟೂಲನ್ನು ಅರ್ಧ ಅಡಿ ಹಿಂದಕ್ಕೆ ಜರುಗಿಸಿಕೊಂಡ.

"ಗೆದ್ದರೆ ಮೈಸೂರಿಗೆ ಕಳಿಸ್ತಾರಂತೆ ಅಪ್ಪಾ, ರೈಲಿನಲ್ಲಿ. ಮೊದಲ ಸಲ ನನ್ನನ್ನು ಆರಿಸಿದ್ದು." ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಅದು ನಿಜ. ಶಾಲೆಯ ನಾಟಕಗಳಲ್ಲಿ ಯಶ್ಮಿತಾಳಿಗೆ ಪ್ರತಿವರ್ಷವೂ ಮರದ ಪಾತ್ರ. ಒಂದು ವರ್ಷ ಮಾತ್ರ ಬಡ್ತಿ ಸಿಕ್ಕಿ ಬಂಡೆ ಆಗಿದ್ದಳು. "ನಿಮಗೆ ಇದೆಲ್ಲ ಗೊತ್ತುಂಟಲ್ಲ ಅಪ್ಪಾ?"

ಆವೇಶ ಎಂದರೆ ಎಂತದು ಎಂಬ ಒಂದು ಪ್ರಶ್ನೆ ಕೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ನನಗೆ ಗೊತ್ತುಂಟು," ಎಂದ ಉಮಾನಾಥ. "ಸಹಿ ಆಮೇಲೆ ನೋಡುವ."

ಮನೆಗೆ ಬಂದಾಗ ಕುಶಲಾ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಉಮಾನಾಥ ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಪಿಸುದನಿಯಲ್ಲಿ ವಿಷಯ ಹೇಳಿದ. ಅವನು ಪಿಸುಗುಟ್ಟಿದರೆ ಪಕ್ಕದ ಮನೆಗೆ ಕೇಳುತ್ತದೆ, ಗಟ್ಟಿಯಾಗಿ ಮಾತಾಡಿದರೆ ಅದರಾಚೆಯ ಮನೆಗೆ. ಪಕ್ಕದ ಮನೆಯ ಗ್ಲ್ಯಾಡಿಸ್, ಸ್ಯಾಂಡ್ರಾಳ ತಾಯಿ, ಒಗ್ಗರಣೆಗೆ ಬೇವಿನಸೊಪ್ಪು ಕೇಳುವ ನೆಪದಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದಳು.

"ಯಾರಿಗೆ ಎಂತ ಬಂತು, ಕುಶಲಕ್ಕ?"

"ಯಶ್ಮಿತಾಳಿಗೆ ಆವೇಶ ಬಂದಿತ್ತಂತೆ. ಶಾಲೆಯಲ್ಲಿ."

"ಅಯ್ಯೋ ದೇವರೇ!" ಗ್ಲ್ಯಾಡಿಸ್ ಶಿಲುಬೆಯ ಗುರುತು ಮಾಡಿಕೊಂಡಳು. "ಪಾಪದ ಹುಡುಗಿ."

"ನಿಮ್ಮ ಸ್ಯಾಂಡ್ರಾಳಿಗೂ ಬಂತಂತೆ," ಎಂದ ಉಮಾನಾಥ.

ಗ್ಲ್ಯಾಡಿಸ್‌ಳ ಕೈ ಎರಡನೆಯ ಶಿಲುಬೆಯ ಅರ್ಧದಲ್ಲಿ ನಿಂತಿತು. "ಅದು ಹೇಗೆ ಬರುತ್ತದೆ? ನಾವು ಇಗರ್ಜಿಗೆ ಹೋಗುವವರು! ನಮಗೆ ಅದೆಲ್ಲ ಇಲ್ಲ!"

"ಅದಕ್ಕೆ ಜಾತಿ ಧರ್ಮ ಉಂಟಾ ಗ್ಲ್ಯಾಡಿಸ್ ಬಾಯಿ? ಕೈ ಹಿಡಿದದ್ದಕ್ಕೆ ಬಂತಂತೆ."

"ಕೈ ಹಿಡಿದದ್ದಕ್ಕೆ ಶೀತ ಬರುತ್ತದೆ ಮಾರಾಯ್ರೆ, ಇದೂ ಬರುತ್ತದಾ?" ಗ್ಲ್ಯಾಡಿಸ್ ಸೊಪ್ಪು ಮರೆತು ಓಡಿದಳು.

ಕುಶಲಾ ಕೈ ತೊಳೆದು ಕಾಗದ ತೆಗೆದುಕೊಂಡು, ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. "ಮಾಸ್ಟ್ರು ಹುಚ್ಚರಲ್ಲ. ಒಮ್ಮೆ ಫೋನ್ ಮಾಡಿ ಕೇಳಿ, ಇದು ಎಂತದು ಅಂತ."

"ಎಂತದು ಅಂತ ಕೇಳುವುದಾ? ನನಗೆ ಗೊತ್ತಿಲ್ಲವಾ? ಫೋನ್ ಮಾಡ್ತೇನೆ. ಆದರೆ ಕೇಳುವುದು ಬೇರೆ, ವಿಚಾರಿಸುವುದು ಬೇರೆ."

ಅವನು ವಿಚಾರಿಸಿದ.

"ನಮಸ್ಕಾರ, ದೂರವಾಣಿಯಲ್ಲಿ ಫೌಸ್ಟಿನ್."

"ನಾನು ಯಶ್ಮಿತಾಳ ತಂದೆ. ಆ ಆವೇಶದ ವಿಷಯ."

"ಓಹೋ! ನಿಮ್ಮ ಮಗಳು ಬಹಳ ವಿಶೇಷ. ಬೇರೆ ಮಕ್ಕಳ ತಲೆಯಲ್ಲಿ ಒಂದು ಪಾವು ಎಣ್ಣೆ, ಎಷ್ಟು ಪ್ರಯತ್ನ ಮಾಡಿದರೂ ಬರುವುದಿಲ್ಲ. ನಿಮ್ಮವಳಿಗೆ ನಿಂತ ಕೂಡಲೇ ಬರುತ್ತದೆ. ಈಗ ಒಣ ಹವೆ ಅಲ್ವಾ, ಈ ಕಾಲವೇ ಒಳ್ಳೆಯದು. ಮಳೆ ಹಿಡಿದ ಮೇಲೆ ಬರುವುದಿಲ್ಲ."

"ಬಂದದ್ದನ್ನು ಇಳಿಸುವುದು?"

"ಅದು ಸುಲಭ. ಭೂಮಿಗೆ ಬಿಟ್ಟರಾಯಿತು."

"ಇದು ಯಾವ ತರಹದ್ದು?" ಉಮಾನಾಥ ಬೆವರು ಒರೆಸಿಕೊಂಡ. ದೈವದ ಹೆಸರು ಬರಬಹುದೆಂದು ಅವನು ಕಣ್ಣು ಮುಚ್ಚಿ ಕಾದ.

"ಒಳ್ಳೆಯ ಪ್ರಶ್ನೆ! ಎಲ್ಲರೂ ಇದನ್ನು ಕೇಳುವುದಿಲ್ಲ. ನಮ್ಮ ಯಂತ್ರದಲ್ಲಿ ಬರುವುದು ಋಣ."

ಯಂತ್ರ ಎಂದರೆ ತಾಮ್ರದ ತಗಡಿನಲ್ಲಿ ಬರೆಸಿ ಬಾಗಿಲಿಗೆ ಕಟ್ಟುವ ಯಂತ್ರವೆಂದೇ ಉಮಾನಾಥನಿಗೆ ಅರ್ಥವಾಯಿತು. ಯಂತ್ರ, ಪೀಠ, ಋಣ. ಇನ್ನು ಮಂತ್ರ ಒಂದು ಬಾಕಿ.

"ಗೊತ್ತಾಯಿತಲ್ಲ?" ಎಂದರು ಮಾಸ್ಟ್ರು.

"ನನಗೆ ಗೊತ್ತುಂಟು," ಎಂದು ಉಮಾನಾಥ ಫೋನು ಇಟ್ಟು, ಒಂದು ಚೊಂಬು ನೀರು ಕುಡಿದ.

ಕಾಪುವಿನ ನೆಂಟರಿಗೆ ಅವನೇ ಫೋನು ಮಾಡಿದ. ಕಾರ್ಕಳದವರಿಗೆ ಯಾರು ಮಾಡಿದರೋ ತಿಳಿಯದು, ಇಂಥ ಸುದ್ದಿಗೆ ಫೋನು ಬೇಕಾಗುವುದೂ ಇಲ್ಲ. ಶುಕ್ರವಾರ ಮಧ್ಯಾಹ್ನ ಕಾಪುವಿನಿಂದ ಅವನ ಸೋದರತ್ತೆ ಚಂದು ಮಾಮಿ ಬಸ್ಸಿನಲ್ಲಿ ಬಂದಿಳಿದಳು, ಕೈಯಲ್ಲಿ ಒಂದು ಹಿಂಗಾರ, ಒಂದು ಬಾಟಲಿ ತೆಂಗಿನೆಣ್ಣೆ. ಎಪ್ಪತ್ತೆರಡರ ಚಂದು ಮಾಮಿ ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗುವವಳು, ಕೊನೆಗೆ ಬರುವವಳು. ಅವಳ ಹಿಂದೆಯೇ ಕಾರ್ಕಳದಿಂದ ಕುಶಲಾಳ ಅಣ್ಣ ಸುಂದರ ತನ್ನ ಹಳೆಯ ಓಮ್ನಿಯಲ್ಲಿ ಬಂದ. ಬಸ್ ಕಂಡಕ್ಟರನಾಗಿ ನಿವೃತ್ತನಾದ ಸುಂದರನಿಗೆ ಯಾವ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸ ಇರಲಿಲ್ಲ. ಅರ್ಧಕ್ಕೇ ರೈಟ್ ಹೇಳಿಬಿಡುತ್ತಿದ್ದ.

"ಮೇಳ ಅಂತ ಬರೆದಿದ್ದಾರಲ್ಲ ಭಾವ, ಯಾವ ಮೇಳ? ಯಕ್ಷಗಾನದ್ದಾದರೆ ನನಗೆ ಗುರ್ತದವರು ಇದ್ದಾರೆ."

"ಮಳೆ ಹಿಡಿದ ಮೇಲೆ ಬರುವುದಿಲ್ಲ ಅಂತ ಮಾಸ್ಟ್ರು ಹೇಳಿದರಾ?" ಚಂದು ಮಾಮಿ ತೊಡೆಗೆ ಬಡಿದಳು. "ಸರಿಯಾಗಿಯೇ ಹೇಳಿದ್ದಾರೆ. ಬೇಸಗೆಯ ಕೊನೆಗೆ ಪತ್ತನಾಜೆ ಕಳೆದರೆ ಕೋಲ ಉಂಟಾ, ನೇಮ ಉಂಟಾ? ಅವರಿಗೆ ಎಲ್ಲ ಗೊತ್ತುಂಟು. ಅಲ್ಲ, ಪೊರ್ಬುಗಳ ಪೈಕಿಯವರು, ಇಗರ್ಜಿಗೆ ಹೋಗುವವರು, ಇಷ್ಟೆಲ್ಲ ಕಲಿತದ್ದು ಎಲ್ಲಿ?"

"ಋಣ ಅಂತ ಬೇರೆ ಹೇಳಿದರು ಮಾಮಿ."

"ಹೇಳದೆ ಇರ್ತಾರಾ? ನಿನಗೆ ಏಳನೆಯ ವರ್ಷದಲ್ಲಿ ಜ್ವರ ಬಂದಾಗ ನಿನ್ನ ಅಮ್ಮ ದೈವಕ್ಕೆ ಹೂವಿನ ಪೂಜೆಯ ಹರಕೆ ಹೇಳಿಕೊಂಡಿದ್ದಳು. ಮಾಡಿಸಿದಳಾ? ಜ್ವರ ಬಿಟ್ಟಿತು, ಇವಳೂ ಬಿಟ್ಟಳು. ಅದು ಈಗ ಮಗುವಿನ ಕೂದಲು ಹಿಡಿದಿದೆ."

ಅಷ್ಟರಲ್ಲಿ ಯಶ್ಮಿತಾ ಶಾಲೆಯಿಂದ ಬಂದಳು. ಚಾವಡಿಯಲ್ಲಿ ಇಷ್ಟು ಜನ ತನ್ನನ್ನೇ ನೋಡುವುದು ಕಂಡು ಬಾಗಿಲಲ್ಲೇ ನಿಂತಳು.

"ಅಪ್ಪಾ, ಸಹಿ? ಇವತ್ತೇ ಕೊನೆಯ ದಿನ ಆಗಿತ್ತು. ನಾಳೆ ಬೆಳಿಗ್ಗೆ ತಂದರೂ ಆಗ್ತದೆ ಅಂತ ಸರ್ ಹೇಳಿದ್ದಾರೆ."

"ನೀನು ಹೋಗುವುದಿಲ್ಲ ಮಗಾ."

"ಯಾಕೆ? ಇದರಲ್ಲಿ ಹೆದರುವುದು ಎಂತ ಉಂಟು? ಪಾಠದಲ್ಲೇ ಉಂಟಲ್ಲ!" ಅವಳು ಚೀಲದಿಂದ ಪುಸ್ತಕ ತೆಗೆದು, ಪುಟ ಬಿಚ್ಚಿ ಮೇಜಿನ ಮೇಲಿಟ್ಟಳು.

"ಪಾಠಕ್ಕೂ ಹಾಕಿದರಾ!" ಎಂದ ಸುಂದರ. ಕಂಡಕ್ಟರನ ಗಂಟಲಲ್ಲಿ ಓದತೊಡಗಿದ. "ಆವೇಶವನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು. ಒಂದು ಕಾಯದಿಂದ ಇನ್ನೊಂದು ಕಾಯಕ್ಕೆ ವರ್ಗಾಯಿಸಬಹುದು, ಅಷ್ಟೇ."

ಚಂದು ಮಾಮಿ ಕೈಮುಗಿದಳು. "ಬರೆದವರು ತಿಳಿದವರು. ಕಾಯದಿಂದ ಕಾಯಕ್ಕೇ ಹೋಗುವುದು ಅದು. ನಮ್ಮ ದೊಡ್ಡಪ್ಪನಿಂದ ಅವರ ಅಳಿಯನಿಗೆ ಹೋದದ್ದು ನಾನೇ ಕಣ್ಣಾರೆ ನೋಡಿದ್ದೇನೆ."

"ಇಲ್ಲಿ ಕೇಳಿ. ಸಜಾತೀಯ ಆವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ, ವಿಜಾತೀಯ ಆವೇಶಗಳು ಹತ್ತಿರ ಸೆಳೆಯುತ್ತವೆ." ಸುಂದರ ಪುಸ್ತಕದಿಂದ ತಲೆಯೆತ್ತಿದ. "ಇದು ಮಾತ್ರ ಸತ್ಯ ಭಾವ. ನನ್ನ ತಮ್ಮ ಏಳು ವರ್ಷದಿಂದ ನನ್ನ ಹತ್ತಿರ ಮಾತಾಡುವುದಿಲ್ಲ. ಗ್ಲ್ಯಾಡಿಸ್ ಬಾಯಿ ಹೋದ ಸಲ ಬಂದಾಗಲೂ ಕೇಕ್ ಕೊಟ್ಟಿದ್ದಾರೆ."

"ಮಾವ, ಅದು ಹಾಗಲ್ಲ!"

"ಭಾವ, ನೀವು ಓದಿದವರು. ಇದರ ಅರ್ಥ ಎಂತ?"

ಎಲ್ಲರೂ ಉಮಾನಾಥನನ್ನು ನೋಡಿದರು. ಯಶ್ಮಿತಾಳೂ ನೋಡಿದಳು. ಅಪ್ಪ ಹೇಗೂ ಬ್ಯಾಟರಿಯವನು, ಈಗ ಒಂದು ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ ಎಂಬ ನಂಬಿಕೆ ಆ ಮುಖದಲ್ಲಿತ್ತು. ಉಮಾನಾಥ ಕನ್ನಡಕ ಇಳಿಸಿದ. ಪುಟ ತಿರುವಿದ. ಅಲ್ಲಿ ಒಂದು ಚಿತ್ರ: ಹೊಳೆಯುವ ಒಂದು ಗುಂಡನ್ನು ಮುಟ್ಟಿ ನಿಂತ ಹುಡುಗಿ, ತಲೆಯ ಒಂದೊಂದು ಕೂದಲೂ ನೆಟ್ಟಗೆ. ಅವನು ಪುಸ್ತಕ ಮುಚ್ಚಿದ.

"ನನಗೆ ಗೊತ್ತುಂಟು. ಮಕ್ಕಳ ಎದುರು ಹೇಳುವಂಥದ್ದಲ್ಲ."

ಚಂದು ಮಾಮಿ ಅಷ್ಟರಲ್ಲಿ ಕಾಗದವನ್ನು ಮತ್ತೊಮ್ಮೆ ಓದಿಸಿಕೊಂಡು ಮದ್ದು ಕಂಡುಹಿಡಿದಿದ್ದಳು. "ಎಣ್ಣೆ ಹಚ್ಚಬಾರದು ಅಂತ ಯಾಕೆ ಹೇಳಿದ್ದಾರೆ? ಎಣ್ಣೆ ಅದಕ್ಕೆ ಆಗುವುದಿಲ್ಲ, ಅದಕ್ಕೇ! ಕುಶಲಾ, ಹುಡುಗಿಯನ್ನು ಹಿಡಿ." ಹೇಳುತ್ತಲೇ ಬಾಟಲಿಯ ಮುಚ್ಚಳ ತೆಗೆದು ಅರ್ಧ ಬಾಟಲಿಯನ್ನು ಯಶ್ಮಿತಾಳ ನೆತ್ತಿಗೆ ಸುರಿದೇಬಿಟ್ಟಳು.

"ಅಯ್ಯೋ! ಎಣ್ಣೆ ಬೇಡ! ಎಣ್ಣೆ ಹಾಕಿದರೆ ಬರುವುದಿಲ್ಲ ಅದು! ಬರುವುದಿಲ್ಲ!" ಯಶ್ಮಿತಾ ಕಿರುಚಿದಳು.

"ಕೇಳಿದಿರಾ?" ಚಂದು ಮಾಮಿ ಗೆದ್ದವಳಂತೆ ಸುತ್ತ ನೋಡಿದಳು. "ತಾಗಿದ ಕೂಡಲೇ ಅದೇ ಬಾಯಿಬಿಟ್ಟು ಹೇಳಿತು, ಇನ್ನು ಬರುವುದಿಲ್ಲ ಅಂತ!"

ಯಶ್ಮಿತಾ ಮತ್ತೆ ಕಿರುಚಲಿಲ್ಲ. ಕೆನ್ನೆಯ ಮೇಲೆ ಇಳಿಯುತ್ತಿದ್ದುದರಲ್ಲಿ ಎಣ್ಣೆ ಎಷ್ಟು, ಕಣ್ಣೀರು ಎಷ್ಟು ಎಂದು ಹೇಳುವಂತಿರಲಿಲ್ಲ. "ಪುನಃ ಮರವೇ ಆಗ್ತೇನೆ ನಾನು," ಎಂದು ಸಣ್ಣ ಸ್ವರದಲ್ಲಿ ಹೇಳಿ ಒಳಗೆ ಹೋದಳು.

ಉಮಾನಾಥ ಅವಳ ಹಿಂದೆ ಎರಡು ಹೆಜ್ಜೆ ಹೋದ. ಆದರೆ ಮಗಳು ಉಳಿಯುವುದು ಮುಖ್ಯವೋ ಮೈಸೂರೋ? ಸಂಜೆ ಕುಶಲಾ ಗ್ಲ್ಯಾಡಿಸ್‌ಳ ಮನೆಗೆ ಹೋಗಿ ಬಂದವಳು ಅವನ ಹತ್ತಿರ ಬಂದು, "ಒಂದು ಮಾತು ಹೇಳ್ಲಿಕ್ಕುಂಟು" ಎಂದಳು. "ನನಗೆ ಗೊತ್ತುಂಟು" ಎಂದ. ಚಹಾ ತಂದಿಟ್ಟು, "ಆ ಶಬ್ದಕ್ಕೆ..." ಎಂದಳು. "ಗೊತ್ತುಂಟು ಅಂದೆನಲ್ಲ." ಊಟಕ್ಕೆ ಬಡಿಸುವಾಗ ಮತ್ತೊಮ್ಮೆ ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ. ಸಾಕು ಎಂದದ್ದು ಅನ್ನಕ್ಕೋ ಮಾತಿಗೋ ಎಂದು ಅವಳು ಕೇಳಲಿಲ್ಲ. ಅವನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಉಮಾನಾಥನಿಗೆ ಎಚ್ಚರವಾದಾಗ ಮನೆಯಿಡೀ ಸೀಗೆಕಾಯಿಯ ಪರಿಮಳ. ಬಚ್ಚಲಿನಲ್ಲಿ ಖಾಲಿಯಾದ ಸೀಗೆಪುಡಿಯ ಡಬ್ಬ, ಅದರ ಪಕ್ಕ ಕಡಲೆಹಿಟ್ಟಿನ ಡಬ್ಬ, ಅದೂ ಖಾಲಿ. ಎರಡು ಬಳೆ, ಒಂದು ಸರ, ಒಂದು ಜೊತೆ ಕಿವಿಯೋಲೆ ದೇವರ ಎದುರಿನ ತಟ್ಟೆಯಲ್ಲಿದ್ದವು. ಹೆಂಡತಿ ಇಲ್ಲ, ಮಗಳು ಇಲ್ಲ. ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರಿನ ಹಾಳೆ ಮಗುಚಿ ಅಂಟಿಸಿತ್ತು. ಅದರ ಹಿಂದೆ ಕುಶಲಾಳ ಗುಂಡಗಿನ ಅಕ್ಷರ:

"ನಾನೇ ಸಹಿ ಹಾಕಿದ್ದೇನೆ. ಗ್ಲ್ಯಾಡಿಸಕ್ಕ, ಮಕ್ಕಳು, ನಾನು ರಿಕ್ಷಾದಲ್ಲಿ ಹೋಗ್ತೇವೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿ ಉಂಟು, ಚಟ್ನಿ ಕಡೆದಿಟ್ಟಿದ್ದೇನೆ. ಹೇಳ್ಲಿಕ್ಕೆ ಮೂರು ಸಲ ಬಂದೆ. ನಿಮಗೆ ಗೊತ್ತುಂಟಂತೆ."

"ಮಾಮೀ! ಸುಂದರಾ!" ಎಂದು ಕೂಗಿದ ಉಮಾನಾಥ. ಐದು ನಿಮಿಷದಲ್ಲಿ ಓಮ್ನಿ ಹೊರಟಿತು. ಗೇಟು ದಾಟುವಾಗ ಸುಂದರ ಅಭ್ಯಾಸಬಲದಿಂದ "ರೈಟ್, ರೈಟ್" ಎಂದ. ಹಿಂದಿನ ಸೀಟಿನಲ್ಲಿ ಚಂದು ಮಾಮಿ ಒಂದು ಕೈಯಲ್ಲಿ ಹಿಂಗಾರ, ಇನ್ನೊಂದರಲ್ಲಿ ಉಳಿದ ಅರ್ಧ ಬಾಟಲಿ ಎಣ್ಣೆ ಹಿಡಿದು ಕೂತಿದ್ದಳು. ದೋಸೆ ತಿನ್ನದೆಯೇ ಹೊರಟ ಉಮಾನಾಥ ಮುಂದಿನ ಸೀಟಿನಿಂದ ದಾರಿಯನ್ನೇ ನೋಡುತ್ತಿದ್ದ. ಮಗು ನಡುಗುತ್ತಿರಬಹುದು. ಸಾವಿರ ಜನ ನೋಡುತ್ತಿರಬಹುದು. ಇಳಿಸುವವರು ಯಾರೂ ಇಲ್ಲದಿರಬಹುದು.

ಮಣಿಪಾಲದ ಸಭಾಂಗಣದ ಬಾಗಿಲಿನಲ್ಲಿ ಬ್ಯಾಡ್ಜ್ ಹಾಕಿದವರೊಬ್ಬರು ತಡೆದರು. "ಯಾವ ಶಾಲೆ?"

"ಕಾಪು," ಎಂದಳು ಚಂದು ಮಾಮಿ.

"ಮಾದರಿ ಎಂತದು?"

ಅವಳು ಹಿಂಗಾರವನ್ನು ಎತ್ತಿ ತೋರಿಸಿದಳು. ಅವರು "ಸಸ್ಯಶಾಸ್ತ್ರ ಎಡಗಡೆ" ಎಂದು ದಾರಿ ಬಿಟ್ಟರು.

ಆ ನೂಕುನುಗ್ಗಲಿನಲ್ಲಿ ಉಮಾನಾಥನ ಎರಡು ಚಪ್ಪಲಿಗಳೂ ಎಲ್ಲೋ ಹೋದವು. ಬೆಂಕಿಯುಗುಳುವ ಮಣ್ಣಿನ ಗುಡ್ಡ, ತಿರುಗುವ ಗ್ರಹಗಳು, ಮಾತಾಡುವ ಕಸದ ಬುಟ್ಟಿ ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ಅವನಿಗೆ ಕಂಡದ್ದು ವೇದಿಕೆ ಒಂದೇ. ಅಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಯಶ್ಮಿತಾ ಬರಿಗಾಲಿನಲ್ಲಿ ನಿಂತಿದ್ದಾಳೆ. ಎರಡು ಸ್ಟೀಲು ಬೋಗುಣಿಗಳನ್ನು ಬಾಯಿಗೆ ಬಾಯಿ ಜೋಡಿಸಿದ ಹೊಳೆಯುವ ಗುಂಡಿನ ಮೇಲೆ ಅವಳ ಅಂಗೈ. ಕೆಳಗೆ ಏನೋ ಗುರ್ರ್ ಎನ್ನುತ್ತಿದೆ. ಅವಳ ಕೂದಲು ಒಂದೊಂದಾಗಿ ಎದ್ದು, ಹಾಳೆಯೊಡೆದು ಬಿರಿದ ಹಿಂಗಾರದ ಹಾಗೆ ತಲೆಯ ಸುತ್ತ ಹರಡಿಕೊಂಡಿತು.

"ನೋಡಿ!" ಮೈಕಿನಲ್ಲಿ ಫೌಸ್ಟಿನ್ ಮಾಸ್ಟ್ರ ಧ್ವನಿ. "ಆವೇಶ ಬಂತು! ಪೂರ್ಣ ಆವೇಶ!"

ಚಂದು ಮಾಮಿ ನಿಂತಲ್ಲೇ ಅಡ್ಡಬಿದ್ದಳು. ಉಮಾನಾಥ ಓಡಿದ. "ಮುಟ್ಟಬೇಡಿ!" ಎಂದು ಮಾಸ್ಟ್ರು ಕೂಗಿದ್ದು ಕೇಳಿಸಿತು. ಮೂರು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ಹತ್ತಿ, "ಮಗಾ!" ಎಂದು ಅವಳ ಕೈ ಹಿಡಿದ.

ಚಟ್!

ಬೆರಳ ತುದಿಯಲ್ಲಿ ನೀಲಿ ಕಿಡಿ. ಮೊಣಕೈಯವರೆಗೆ ಜುಮ್. ಯಶ್ಮಿತಾಳ ಕೂದಲು ಒಮ್ಮೆಲೇ ಭುಜದ ಮೇಲೆ ಬಿತ್ತು.

ಉಮಾನಾಥ ತನ್ನ ಕೈಯನ್ನೇ ನೋಡಿದ. ಇಪ್ಪತ್ತು ವರ್ಷ ಬ್ಯಾಟರಿ, ಇನ್ವರ್ಟರುಗಳ ಜೊತೆ ಬಾಳಿದ ಕೈ ಅದು. ಕಾಗದದಲ್ಲಿ, ಫೋನಿನಲ್ಲಿ, ಪುಸ್ತಕದಲ್ಲಿ ತಿಳಿಯದೇ ಹೋದದ್ದು ಆ ಕೈಗೆ ಒಂದೇ ಏಟಿನಲ್ಲಿ ತಿಳಿಯಿತು. ಇದು ದೈವವಲ್ಲ, ಹರಕೆಯಲ್ಲ. ಇದು ದಿನವೂ ಬೆಳಿಗ್ಗೆ ಅಂಗಡಿ ತೆರೆದರೆ ಮಾತಾಡಿಸುವ ಹಳೆಯ ಪರಿಚಯದವನು.

"ಅಯ್ಯೋ," ಎಂದ ಅವನು, ಮೈಕಿಗೆ ಕೇಳುವಷ್ಟು ಗಟ್ಟಿಯಾಗಿ. "ಇದು ಚಾರ್ಜು ಮಾರಾಯ್ರೆ!"

"ಕನ್ನಡದಲ್ಲಿ ಹೇಳಿ!" ಎಂದರು ಫೌಸ್ಟಿನ್ ಮಾಸ್ಟ್ರು, ಆ ಗಡಿಬಿಡಿಯಲ್ಲೂ ಪಣ ಬಿಡದೆ.

"ಆ... ಆವೇಶ!"

ಸಭೆ ಚಪ್ಪಾಳೆ ತಟ್ಟಿತು. ಇದೂ ಪ್ರದರ್ಶನದ ಭಾಗವೇ ಎಂದು ಎಲ್ಲರೂ ನಂಬಿದ್ದರು. ಆದರೆ ತೀರ್ಪುಗಾರರ ಸಾಲಿನಲ್ಲಿದ್ದ ಒಬ್ಬ ಮೇಡಮ್ ಮಾತ್ರ ಚಪ್ಪಾಳೆ ತಟ್ಟದೆ ಪೆನ್ನು ಎತ್ತಿದರು. ಯಶ್ಮಿತಾಳ ಮುಖ ಬಿಳಿಚಿತು. ಉಮಾನಾಥನಿಗೆ ಆಗ ಹೊಳೆಯಿತು: ದೈವ ಹಾಳುಮಾಡದ್ದನ್ನು ತಾನು ಹಾಳುಮಾಡಿದೆ.

"ಒಂದು ಪ್ರಶ್ನೆ," ಎಂದರು ಮೇಡಮ್. "ಇವರು ಮುಟ್ಟಿದ ಕೂಡಲೇ ನಿನ್ನ ಕೂದಲು ಯಾಕೆ ಬಿತ್ತು?"

ಯಶ್ಮಿತಾ ಅಪ್ಪನನ್ನು ನೋಡಿದಳು. ಮಡಿಚಿ ಕಟ್ಟಿದ ಮುಂಡು, ಗುಂಡಿ ತಪ್ಪಿದ ಅಂಗಿ. ಅವಳ ಕಣ್ಣು ಅವನ ಕಾಲಿಗೆ ಇಳಿಯಿತು, ಅಲ್ಲೇ ನಿಂತಿತು.

"ನಾನು ಪ್ಲಾಸ್ಟಿಕ್ ಪೀಠದ ಮೇಲೆ ನಿಂತಿದ್ದೆ ಮೇಡಮ್, ಹಾಗಾಗಿ ಆವೇಶ ನನ್ನಲ್ಲೇ ಉಳಿದಿತ್ತು. ಅಪ್ಪ ಬರಿಗಾಲಿನಲ್ಲಿ ನೆಲದ ಮೇಲೆ ಇದ್ದಾರೆ. ಅವರ ಕೈಗೆ ಬಂದು, ಕಾಲಿನಿಂದ ಭೂಮಿಗೆ ಹೋಯಿತು. ಇದಕ್ಕೆ ಭೂಸಂಪರ್ಕ ಅಂತ ಹೇಳ್ತಾರೆ." ಸ್ವಲ್ಪ ತಡೆದು ಹೇಳಿದಳು, "ನನ್ನ ಭೂಸಂಪರ್ಕ ಅಪ್ಪ."

ಮೇಡಮ್ ನಕ್ಕು ಏನೋ ಬರೆದುಕೊಂಡರು. ಮರದ ಪಾತ್ರದಲ್ಲಿ ಒಂದು ಮಾತೂ ಆಡದೆ ವರ್ಷಗಟ್ಟಲೆ ನಿಂತಿದ್ದ ಹುಡುಗಿ ಇಷ್ಟುದ್ದ ಮಾತಾಡಿದ್ದು ಕೇಳಿ ಸಭೆಯ ಮೂಲೆಯಲ್ಲಿ ಕುಶಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ಎರಡನೆಯ ಸ್ಥಾನ ಬಂತು. ಮೊದಲನೆಯದು ಬೆಂಕಿಯುಗುಳುವ ಗುಡ್ಡಕ್ಕೆ ಹೋಯಿತು. ಮೈಸೂರಿಗೆ ಮೊದಲ ಎರಡು ಸ್ಥಾನದವರನ್ನೂ ಕಳಿಸುತ್ತಾರೆಂದು ತಿಳಿದಾಗ ಸುಂದರ ಜೋರಾಗಿ "ರೈಟ್!" ಎಂದ. ಚಂದು ಮಾಮಿ ಮಾತ್ರ ಎದ್ದು ಸೀರೆ ಕೊಡವಿಕೊಂಡು ಎಲ್ಲರಿಗೂ ಸ್ಪಷ್ಟಪಡಿಸಿದಳು: "ಉಮಾನಾಥ ಮುಟ್ಟಿದ್ದಕ್ಕೆ ಇಳಿದದ್ದಲ್ಲ. ನಾನು ಹಿಂಗಾರ ಎತ್ತಿದೆ, ಆಗ ಇಳಿಯಿತು."

ಕ್ಯಾಂಟೀನಿನಲ್ಲಿ ಬನ್ಸು ತಿಂದು ಚಹಾ ಕುಡಿಯುವಾಗ ಗ್ಲ್ಯಾಡಿಸ್ ಗುಟ್ಟು ಬಿಟ್ಟಳು. "ನಾನು ಮೂರು ದಿನ ತಡೆದು ತಡೆದು, ಶುಕ್ರವಾರ ಇಗರ್ಜಿಯ ಫಾದರ್ ಹತ್ತಿರ ಓಡಿದೆ, ಪ್ರಾರ್ಥನೆ ಮಾಡಿಸ್ಲಿಕ್ಕೆ. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಕಲಿತವರಂತೆ. ನಗು ನಿಲ್ಲಿಸ್ಲಿಕ್ಕೆ ಎರಡು ಗ್ಲಾಸು ನೀರು ಕುಡಿದರು. ಆಮೇಲೆ ಸ್ಯಾಂಡ್ರಾಳನ್ನು ಕರೆದು, ಇನ್ನು ಅಮ್ಮನಿಗೂ ಸ್ವಲ್ಪ ಪಾಠ ಹೇಳು ಅಂದರು."

"ಚಾರ್ಜಿಗೆ ಕನ್ನಡದಲ್ಲಿ ಆವೇಶ," ಎಂದರು ಫೌಸ್ಟಿನ್ ಮಾಸ್ಟ್ರು. "ಪ್ಲಸ್ಸು... ಕ್ಷಮಿಸಿ, ಧನ ಆವೇಶ, ಋಣ ಆವೇಶ. ನೀವು ಬ್ಯಾಟರಿಯವರು, ಈ ಕಾಗದ ಓದಿ ಅರ್ಥವಾಗುವುದು ನಿಮಗೆ ಒಬ್ಬರಿಗೇ ಅಂತ ನಾನು ನೆನೆಸಿದ್ದೆ. ನಿಮಗೆ ಗೊತ್ತಿತ್ತಲ್ಲ?"

ಕುಶಲಾ ತನ್ನ ಚಹಾದೊಳಗೆ ಏನೋ ಬಿದ್ದಂತೆ ಬಗ್ಗಿ ನೋಡುತ್ತಿದ್ದಳು. ಉಮಾನಾಥ ಬಾಯಿ ತೆರೆದ. "ಗೊ..." ಎಂದ. ಕೆಮ್ಮು ಬಂತು. ಬನ್ಸು ಗಂಟಲಿಗೆ ಸಿಕ್ಕಿತೆಂದು ಸುಂದರ ಬೆನ್ನಿಗೆ ಗುದ್ದಿದ.

ಸೋಮವಾರ ಹೊಸ ಬೋರ್ಡು ಏರಿತು. ಮಾತು ಕೊಟ್ಟಂತೆ ಅಚ್ಚ ನಮ್ಮ ಶಬ್ದ: "ಇಲ್ಲಿ ಬ್ಯಾಟರಿಗಳಿಗೆ ಆವೇಶ ತುಂಬಲಾಗುವುದು". ಬರೆಯುವವನು ಆವೇಶವನ್ನು ಉತ್ಸಾಹದಿಂದ ಒಂದು ಮೊಳ ಎತ್ತರ ಬರೆದು, ಜಾಗ ಸಾಲದೆ ಬ್ಯಾಟರಿಗಳನ್ನು ಮೂಲೆಗೆ ಒತ್ತಿದ್ದ. ನಗರಸಭೆಯವರು ಬಂದು ನೋಡಿ, "ಭಾರೀ ಲಾಯ್ಕ ಉಂಟು" ಎಂದು ಫೋಟೋ ತೆಗೆದುಕೊಂಡು ಹೋದರು.

ಹನ್ನೊಂದು ಗಂಟೆಯ ಹೊತ್ತಿಗೆ ವಯಸ್ಸಾದ ಹೆಂಗಸೊಬ್ಬಳು ತಟ್ಟೆಯಲ್ಲಿ ತೆಂಗಿನಕಾಯಿ, ಹೂ ಹಿಡಿದು ಬಂದು ಅಂಗಡಿಯ ಮೆಟ್ಟಿಲಿನ ಕೆಳಗೆ ಚಪ್ಪಲಿ ಬಿಟ್ಟಳು.

"ಎಷ್ಟು ಗಂಟೆಗೆ ಬರ್ತದೆ?" ಎಂದು ಮೆಲ್ಲನೆ ಕೇಳಿದಳು.

ಉಮಾನಾಥ ಚಾರ್ಜಿಗೆ ಇಟ್ಟ ಬ್ಯಾಟರಿಗಳ ಕಡೆ ನೋಡಿದ. "ಪೂರ್ತಿ ಬರ್ಲಿಕ್ಕೆ ಎಂಟು ಗಂಟೆ ಬೇಕಮ್ಮ."

"ಕಾಯ್ತೇನೆ. ಬಂದ ಮೇಲೆ ಒಂದು ಮಾತು ಕೇಳ್ಲಿಕ್ಕುಂಟು. ನನ್ನ ಕಪ್ಪು ದನ ಮೂರು ದಿನದಿಂದ ಮನೆಗೆ ಬರಲಿಲ್ಲ, ಯಾವ ದಿಕ್ಕಿಗೆ ಹೋಗಿದೆ?"

ಮಧ್ಯಾಹ್ನದ ಬುತ್ತಿ ತಂದ ಕುಶಲಾ ಬಾಗಿಲಲ್ಲೇ ನಿಂತಳು. ಗಂಡನ ಕೈ ಕನ್ನಡಕದ ಕಡೆಗೆ ಹೋಗುವುದು ಕಂಡಳು. ಕನ್ನಡಕ ಮೂಗಿನ ತುದಿಗೆ ಇಳಿಯಿತು. ಪೂರ್ವ, ಪಶ್ಚಿಮ ಏನಾದರೂ ಒಂದು ಬಂದೇ ಬರುತ್ತದೆ ಎಂದು ಅವಳು ಬುತ್ತಿ ಬಿಚ್ಚತೊಡಗಿದಳು.

ಉಮಾನಾಥ ಕನ್ನಡಕವನ್ನು ತೆಗೆದು ಕಿಸೆಗೆ ಹಾಕಿದ.

"ನನಗೆ ಗೊತ್ತಿಲ್ಲ ಅಮ್ಮ," ಎಂದ.

ಕುಶಲಾಳ ಕೈಯಿಂದ ಬುತ್ತಿಯ ಮುಚ್ಚಳ ಠಣ್ಣೆಂದು ಕೆಳಗೆ ಬಿತ್ತು. ಅವನು ಅವಳನ್ನು ನೋಡಿ ನಕ್ಕ, ಮೂಲೆಯಿಂದ ಏಣಿ ತಂದ, ಪೇಂಟಿನ ಡಬ್ಬ ಹುಡುಕಿದ. ಹೆಂಗಸು ಏಣಿ ಹಿಡಿದಳು, ಕುಶಲಾ ಡಬ್ಬ ಹಿಡಿದಳು. ಮೊಳದೆತ್ತರದ ಆವೇಶದ ಕೆಳಗೆ ಅವನು ತನ್ನ ಕೈಯಾರೆ ಸಣ್ಣ ಅಕ್ಷರಗಳಲ್ಲಿ ಬರೆದ: "ಅಂದರೆ ಚಾರ್ಜು. ಬೇರೆ ಎಂತದೂ ಅಲ್ಲ."

ಇಳಿದು ಬಂದು ಕೈ ಒರೆಸಿಕೊಂಡು, "ನಿಮ್ಮ ದನವನ್ನು ಎಲ್ಲೆಲ್ಲಿ ಹುಡುಕಿದಿರಿ ಹೇಳಿ," ಎಂದು ಆ ಹೆಂಗಸನ್ನು ಕೇಳಿದ. ಹದಿನೆಂಟು ವರ್ಷದಲ್ಲಿ ಅವನು ಗೊತ್ತಿಲ್ಲವೆಂದು ಒಪ್ಪಿಕೊಂಡು ಇನ್ನೊಬ್ಬರಿಗೆ ಕೇಳಿದ ಮೊದಲ ಪ್ರಶ್ನೆ ಅದು.